ಜಂಪಣ್ಣನ ಅಂಕಿತ

ಬಸವಾಪಟ್ಟಣದ ಜಂಪಣ್ಣನಿಗೆ ಹೊಲ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಬಂಗಾರದ್ದು. ಭಜನೆಗೆ ಬಂದವರನ್ನು ಎದುರಿಗೆ ಕೂರಿಸಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ, ಅವರ ಮೇಲೇ ಪದ ಕಟ್ಟಿ ಹಾಡುತ್ತಿದ್ದ. ಅವರಿಗೆ ಒಳ್ಳೆಯದಾಗುವುದಿದ್ದರೆ ಪದದ ಕೊನೆಗೆ ಅವನ ಅಂಕಿತ, ‘ಕೆರೆದಂಡೆ ಸಿದ್ಧಲಿಂಗ’ ಎಂಬ ಸಾಲು, ತಾನಾಗಿ ಬರುತ್ತಿತ್ತು. ಅದು ಬಂದಾಗ ಅವನಿಗೆ ಮೈಮೇಲೆ ಎಚ್ಚರವೇ ಇರುತ್ತಿರಲಿಲ್ಲ. ತಾಳದ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

ಕೇಡಿದ್ದರೆ ಅಂಕಿತ ಹುಟ್ಟುತ್ತಿರಲಿಲ್ಲ. ಸೂಳೆಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ತಿಪ್ಪೇಶಪ್ಪನ ಪದ ಅರ್ಧಕ್ಕೆ ನಿಂತ ವಾರವೇ ಅವನ ತೆಪ್ಪ ಮಗುಚಿತು. ಆಮೇಲೆ ಜನ ಹೆದರುತ್ತಲೇ ಬರುತ್ತಿದ್ದರು, ಬರದೆಯೂ ಇರುತ್ತಿರಲಿಲ್ಲ. ಅಂಕಿತ ಬರದಿದ್ದರೆ ಒಂದು ಸುಳ್ಳು ಅಂಕಿತವನ್ನಾದರೂ ಹಚ್ಚು ಎಂದು ಕಾಲು ಹಿಡಿದವರೂ ಉಂಟು. ಜಂಪಣ್ಣ ಜಪ್ಪಯ್ಯ ಅನ್ನಲಿಲ್ಲ.

ಊರಿಗೆಲ್ಲ ಹಾಡಿದ ಈ ಮಹಾನುಭಾವ ಹೆಂಡತಿ ಕೊಟ್ರಮ್ಮನ ಮೇಲೆ ಮಾತ್ರ ಒಂದು ಪದವನ್ನೂ ಕಟ್ಟಿರಲಿಲ್ಲ. ನಾಚಿಕೆಯಂತೆ! ಅವಳೋ ಗೋಡೆಗೆ ಒರಗಿ, ಅವನ ಒಂದೊಂದು ಪದವನ್ನೂ ಕೇಳುತ್ತಾ ಬಾಳಿದವಳು.

ಎಪ್ಪತ್ತೆಂಟನೇ ಇಸವಿಯಲ್ಲಿ ಡಾಕ್ಟರು ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು. ಮಗಳು ಅನ್ನಪೂರ್ಣಳನ್ನು ನ್ಯಾಮತಿಗೆ ಕೊಡುವುದು ಆಗಲೇ ಗೊತ್ತಾಗಿತ್ತು. ಯುಗಾದಿ ಕಳೆದ ಮೇಲೆ ಮದುವೆ. ಒಂದು ಸಂಜೆ ದೀಪ ಹಚ್ಚಿ ಬಂದ ಕೊಟ್ರಮ್ಮ ಗಂಡನ ಎದುರಿಗೇ ಕೂತಳು.

“ನನ್ನ ಮ್ಯಾಲೆ ಒಂದು ಪದ ಹೇಳ್ರಿ. ಮಗಳ ಧಾರೆಗೆ ನಾನು ಇರ್ತೀನೋ ಇಲ್ಲೋ, ಗೊತ್ತಾಗ್ಲಿ.”

“ಹುಚ್ಚಿ, ಇರ್ದೆ ಎಲ್ಲಿಗೆ ಹೋಗ್ತಿ?”

“ಅದನ್ನ ಪದದಾಗೆ ಹೇಳ್ರಿ.”

ಗಡ್ಡೆಯ ಸುದ್ದಿ ತಿಳಿದಾಗಿನಿಂದ ಬಾವಿಯಲ್ಲಿ ನೀರು ಸೇದುವಾಗಲೆಲ್ಲ ಜಂಪಣ್ಣ ಆ ಪದವನ್ನು ಕದ್ದು ಕದ್ದು ಕಟ್ಟಿ ನೋಡಿದ್ದ. ಪ್ರತಿ ಸಲವೂ ಅದು ಕೊನೆಯ ಸಾಲಿಗೆ ಬಂದು ಸತ್ತು ಬೀಳುತ್ತಿತ್ತು. ಆದರೂ ಕಣ್ಣು ಮುಚ್ಚಿ, ತೊಡೆ ತಟ್ಟಿ ಶುರುಮಾಡಿದ.

“ಹೊಳೆದಾಟಿ ದಿಬ್ಬಣ ನಮ್ಮೂರಿಗೆ ಬಂದಾವ,
ಹಸೆಮ್ಯಾಲೆ ಹೆತ್ತವಳ ಅಕ್ಷತೆ ಬಿದ್ದಾವ…”

ಮುಂದೆ ಕತ್ತಲು. ಅವನು ಹಲ್ಲು ಕಚ್ಚಿ, ಬದುಕಿನಲ್ಲಿ ಮೊದಲ ಸಲ, ಇಲ್ಲದ ಸಾಲನ್ನು ಎಳೆತಂದು ಹಚ್ಚಿದ: “ಕಂಡಾನೊ ಕೆರೆದಂಡೆ ಸಿದ್ಧಲಿಂಗ.”

ಕಣ್ಣು ಬಿಟ್ಟಾಗ ಕೊಟ್ರಮ್ಮ ಅವನ ಮುಖವನ್ನು ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದಳು.

“ಭಾಳ ಚೆನ್ನಾಗೈತೆ ರೀ,” ಎಂದು ನಕ್ಕಳು. ಅವಳು ನಂಬಿದಳೆಂದು ಜಂಪಣ್ಣನಿಗೆ ಹೋದ ಜೀವ ಬಂದಂತಾಯಿತು.

ಬೆಳಗ್ಗೆ ಅವಳೇ ಬಂದು ಎಬ್ಬಿಸಿದಳು. “ಏಳ್ರಿ, ರೊಟ್ಟಿ ಬಡಿಯಾಕೆ ಕಲಿಸ್ತೀನಿ.”

“ನನಗ್ಯಾಕೆ?”

“ಅನ್ನಪೂರ್ಣ ನ್ಯಾಮತಿಗೆ ಹೋದ ಮ್ಯಾಲೆ ನಿಮಗೆ ಯಾರು ಬಡಿತಾರೆ?”

ಅವನು ‘ನೀನು’ ಅನ್ನಬೇಕಿತ್ತು. ಎರಡಕ್ಷರ, ಅಷ್ಟೆ. ಅದು ಅವನ ಬಾಯಿಗೆ ಬರಲಿಲ್ಲ. ಕೊಟ್ರಮ್ಮ ಕಾಯುವಷ್ಟು ಕಾದು, ಒಲೆ ಹಚ್ಚಿ, ಹಿಟ್ಟು ನಾದಿ, ಉಂಡೆಯನ್ನು ಅವನ ಮುಂದಿಟ್ಟಳು. ಅವನು ಬಡಿದ ಏಟಿಗೆ ರೊಟ್ಟಿಯ ಅಂಚು ಹರಿಯಿತು. ಅವಳು ಬಿರುಕಿಗೆ ನೀರು ಸವರಿ, ಅವನ ಕೈಮೇಲೆ ತನ್ನ ಕೈಯಿಟ್ಟಳು.

“ಕೈ ನಿಲ್ಲಿಸಬ್ಯಾಡ್ರಿ. ನಿನ್ನೆ ಅಂಕಿತ ಹೇಳುವಾಗ ನಿಲ್ಲಿಸ್ದೆ ಹೆಂಗೆ ತಾಳ ಹಾಕಿದ್ರಿ, ಹಂಗೆ.”

ಜಂಪಣ್ಣ ಅಳುತ್ತಾ ರೊಟ್ಟಿ ಬಡಿದ.