ದ್ರಾಕ್ಷಾಯಣಿ ಬೀಗ ಬಿಚ್ಚಿದ್ದು

ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಕಂಡು ದ್ರಾಕ್ಷಾಯಣಿಗೆ ಮೊದಲು ಭಯವೇ ಆಯಿತು. ನರ್ಸಾಗಿದ್ದ ಅವಳು ಆ ಭಾನುವಾರ ಬಿಸಿಲೆ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಪೋಲಿಯೊ ಹನಿ ಹಾಕಲು ಹೋಗಿದ್ದಳು. ಸಂಜೆ ಬರಬೇಕಾದವಳು, ಎಸ್ಟೇಟಿನ ಜೀಪು ಸಿಕ್ಕಿತೆಂದು ಮಧ್ಯಾಹ್ನಕ್ಕೇ ತನ್ನೂರು ಹೊಂಗಡಹಳ್ಳದಲ್ಲಿ ಬಂದಿಳಿದಿದ್ದಳು. ಅವಳೊಬ್ಬಳೇ ಇರುವ ಮನೆ. ಬೆಳಿಗ್ಗೆ ತಾನೇ ಬೀಗ ಹಾಕಿ ಹೋದ ಮನೆ. ಇಷ್ಟು ಜನ ಸೇರಿದ್ದಾರೆಂದರೆ ಯಾರಿಗೋ ಏನೋ ಆಗಿದೆ ಎಂದು ಲಸಿಕೆಯ ಡಬ್ಬಿ ಹಿಡಿದುಕೊಂಡೇ ಓಡಿದಳು.

ಯಾರಿಗೂ ಏನೂ ಆಗಿರಲಿಲ್ಲ. ಹಜಾರದಲ್ಲಿ ಅವಳ ಹೊಸ ಕುರ್ಚಿಗಳ ಮೇಲೆ ಹಾನುಬಾಳಿನಿಂದ ಬಂದವರು ಕೂತು ಕೇಸರಿಬಾತು ತಿನ್ನುತ್ತಿದ್ದರು. ನಡುವೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದವನು ಅವಳ ಅಣ್ಣ ಶಾಂತಮಲ್ಲಪ್ಪ. ಅವನ ಮಗಳು ಚೈತ್ರಶ್ರೀ ರೇಷ್ಮೆ ಸೀರೆಯುಟ್ಟು ತಲೆ ತಗ್ಗಿಸಿ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಅವರು.

ತಂಗಿಯನ್ನು ಕಂಡು ಶಾಂತಮಲ್ಲಪ್ಪನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಗಂಡಿನ ತಂದೆ ರಾಮಯ್ಯನವರ ಕಡೆ ತಿರುಗಿ ನಕ್ಕ.

“ನನ್ ತಂಗಿ. ಪಾಪ, ಗಂಡ ಚಿಕ್ಕ ವಯಸ್ಸಲ್ಲೇ ಹೋಗ್ಬುಟ್ಟ. ನಮ್ಮನೇಲೇ ಅವ್ಳೆ, ನಾವೇ ನೋಡ್ಕೋತೀವಿ.”

ನಮ್ಮನೇಲೇ! ದ್ರಾಕ್ಷಾಯಣಿ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಆಶಾ ಬಂದು ಅವಳ ತೋಳು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು. “ಅವ್ರು ಎದ್ದು ಹೋಗೋಗಂಟ ಈಚೆ ಬರ್ಬೇಡ ಕಣೇ. ಶುಭಕಾರ್ಯ. ನಿಂಗೆ ಗೊತ್ತಾಗಲ್ವಾ?”

ಅಡಿಗೆಮನೆಯ ಕಟ್ಟೆಯ ಮೇಲೆ ಅವಳ ಬೀರುವಿನಲ್ಲಿದ್ದ ಹೊಸ ಲೋಟಗಳೆಲ್ಲ ಈಚೆ ಬಂದಿದ್ದವು. ಡಬ್ಬಿ ಇಡಲೆಂದು ಮಲಗುವ ಕೋಣೆಗೆ ಹೋದಳು. ಅಲ್ಲಿ ಮಂಚದ ಕೆಳಗಿನಿಂದ ಚಂದನದ ಹಾರದ ತುದಿ ಹೊರಗೆ ಚಾಚಿತ್ತು. ಬಗ್ಗಿ ಎಳೆದಳು. ಗಂಡ ವೀರಯ್ಯನ ಫೋಟೊ. ಹಜಾರದ ಗೋಡೆಯಿಂದ ಇಳಿಸಿ, ಮುಖ ನೆಲಕ್ಕೆ ಮಾಡಿ, ಹಳೆಯ ಚಪ್ಪಲಿಗಳ ಪಕ್ಕ ತಳ್ಳಿದ್ದರು.

ಹೊರಗೆ ಹೋಗಿ ಎಲ್ಲರ ತಟ್ಟೆಯನ್ನೂ ಕಿತ್ತು ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಚೈತ್ರಶ್ರೀಯ ತಗ್ಗಿದ ತಲೆ ನೆನಪಾಗಿ ಮಂಚದ ಮೇಲೆ ಕೂತಳು. ಫೋಟೊವನ್ನು ಸೆರಗಿನಿಂದ ಒರೆಸುತ್ತ, ಗಂಡಿನ ಕಡೆಯವರ ಜೀಪಿನ ಸದ್ದು ದೂರವಾಗುವವರೆಗೂ ಹಾಗೇ ಕೂತಿದ್ದಳು.

ಗಂಡ ಸತ್ತ ಮೇಲೆ ಅಣ್ಣನ ಮನೆಯ ಸ್ಟೋರಿನ ಪಕ್ಕದ ಕೋಣೆಯಲ್ಲಿ ಮೆಣಸಿನ ಮೂಟೆಗಳ ವಾಸನೆ ಕುಡಿಯುತ್ತ ವರ್ಷಗಳನ್ನು ಕಳೆದವಳು ಅವಳು. ರಸ್ತೆ ಬದಿಯ ಈ ಮನೆಯನ್ನು ತನ್ನ ಸಂಬಳದಲ್ಲೇ ಕಟ್ಟಿಸಿದ್ದಳು. ಡ್ಯೂಟಿಗೆ ಹೋಗುವವಳಾದ್ದರಿಂದ ಗಾರೆಯವರ ಮುಂದೆ ನಿಲ್ಲುವ ಕೆಲಸವನ್ನು ಮಾತ್ರ ಅಣ್ಣ ವಹಿಸಿಕೊಂಡಿದ್ದ. ಗೃಹಪ್ರವೇಶ ಮುಗಿದ ಮೇಲೂ ಅವನ ಬಳಿ ಒಂದು ಕೀ ಉಳಿದಿತ್ತು. ಕೇಳುವುದಕ್ಕೆ ಅವಳಿಗೇ ಸಂಕೋಚವಾಗಿತ್ತು.

ಆ ಸಂಕೋಚ ಈಗ ಇರಲಿಲ್ಲ. ಹಜಾರಕ್ಕೆ ಬಂದು ಕೈ ಚಾಚಿದಳು.

“ಕೀ ಕೊಡಣ್ಣ.”

“ಒಂದಿನ ನಾಕು ಜನ ಬಂದು ಕೂತೆದ್ರೆ ನಿನ್ ಮನೆ ಸವ್ದೋಗುತ್ತಾ?”

“ನನ್ ಮನೇನ ನಿನ್ ಮನೆ ಅಂತ ತೋರ್ಸಿದ್ಯಲ್ಲ.”

“ನಮ್ ಹಂಚಿನ ಮನೆ ತೋರ್ಸಿದ್ರೆ ಒಪ್ತಾರಾ ಅವ್ರು? ದೊಡ್ಡ ಎಸ್ಟೇಟಿನೋರು. ಮದ್ವೆ ಆಗೋಗಂಟ ತಾನೆ? ಆಮೇಲೆ ಯಾರು ಕೇಳ್ತಾರೆ?”

“ವೀರಯ್ಯನ ಫೋಟೊ ಚಪ್ಲಿ ಪಕ್ಕ ಇಟ್ಟಿದ್ಯಲ್ಲ, ಅದ್ನೂ ಯಾರೂ ಕೇಳಲ್ವಾ?”

ಶಾಂತಮಲ್ಲಪ್ಪ ಎದ್ದ. “ಈ ಮನೆಗೆ ಬಿಸ್ಲು ಮಳೇಲಿ ನಿಂತೋನು ನಾನು. ಕೀ ನನ್ ಹತ್ರ ಇರುತ್ತೆ. ಒಂಟಿ ಹೆಂಗ್ಸು, ನಾಳೆ ಏನಾದ್ರೂ ಆದ್ರೆ ಬಾಗ್ಲು ತೆಗಿಯೋರ್ ಯಾರು?” ಹಾಗೆಂದವನು ಹೆಂಡತಿ ಮಗಳನ್ನು ಕರೆದುಕೊಂಡು ಇಳಿಜಾರಿನ ದಾರಿಯಲ್ಲಿ ತನ್ನ ಮನೆಗೆ ಹೊರಟುಹೋದ.

ಮರುದಿನವೇ ದ್ರಾಕ್ಷಾಯಣಿ ಸಕಲೇಶಪುರದ ಪೇಟೆಗೆ ಹೋಗಿ ಬೀಗ ರಿಪೇರಿಯ ಜವರಪ್ಪನನ್ನು ಕರೆತಂದಳು. ಬೀಗ ಬಾಗಿಲ ಮರದೊಳಗೇ ಕೂತಿತ್ತು. ಬೇರೆ ಬೀಗ ಹಾಕಬೇಕಾದರೆ ಹಲಸಿನ ಹೊಸ ಬಾಗಿಲನ್ನು ಮತ್ತೆ ಕೊರೆಯಬೇಕು. ಅದೇನೂ ಬೇಡ, ಬೀಗದ ಹೊಟ್ಟೆಯಲ್ಲಿರುವ ಹಿತ್ತಾಳೆ ಪಟ್ಟಿಗಳನ್ನು ಹಿಂದೆಮುಂದೆ ಮಾಡಿ ಹೊಸ ಕೀ ಕೊಟ್ಟರೆ ಹಳೆಯ ಕೀ ತಿರುಗುವುದಿಲ್ಲ ಎಂದು ಜವರಪ್ಪ ಹೇಳಿದ್ದ. ಆದರೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡವನು ಸುತ್ತ ನೋಡಿದ.

“ಮನೆ ಯಜಮಾನ್ರು ಇಲ್ವಾ?”

“ನಾನೇ ಯಜಮಾನಿ.”

“ಹಂಗಲ್ಲ ಕಣಮ್ಮ. ಶಾಂತಮಲ್ಲಪ್ಪೋರ್ ಮನೆ ಅಂತಾರೆ ಎಲ್ರೂವೆ. ಅವ್ರಿಗೆ ಒಂದ್ ಮಾತು...”

“ಬಿಚ್ತೀಯೋ ಇಲ್ಲ ನಾನೇ ಬಿಚ್ಲೋ?”

ಅವನು ಬಿಚ್ಚಿದ. ಸಂಜೆಯೊಳಗೆ ಹೊಸ ಕೀ ಅವಳ ಕೈ ಸೇರಿತು. ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದಳು.

ಆ ನೆಮ್ಮದಿ ವಾರವೂ ನಿಲ್ಲಲಿಲ್ಲ. ಒಂದು ದಿನ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದರೆ ಬಾಗಿಲು ಹಾರು ಹೊಡೆದಿತ್ತು. ಶಾಂತಮಲ್ಲಪ್ಪ ಹಜಾರದಲ್ಲಿ ಸ್ಟೂಲಿನ ಮೇಲೆ ನಿಂತು ವೀರಯ್ಯನ ಫೋಟೊವನ್ನು ಮತ್ತೆ ಇಳಿಸುತ್ತಿದ್ದ. ಟೀಪಾಯಿಯ ಮೇಲೆ ಅವನ ಕೀಗೊಂಚಲು ಬಿದ್ದಿತ್ತು. ಅದರಲ್ಲಿ ಒಂದು ಹೊಸದಾಗಿ ಹೊಳೆಯುತ್ತಿತ್ತು.

“ಯಾರ್ ಕೊಟ್ರು?”

“ಜವರಪ್ಪ. ಗಂಡಸ್ರ ಹತ್ರ ಒಂದಿರ್ಲಿ ಅಂತ ಅವ್ನೇ ಮಾಡ್ಕೊಟ್ಟ. ಅವ್ನಿಗಿರೋ ಬುದ್ಧಿ ನಿಂಗಿಲ್ವಲ್ಲ, ಮಾರಾಯ್ತಿ. ಶುಕ್ರವಾರ ರಾಮಯ್ಯೋರು ಮಾತುಕತೆಗೆ ಬರ್ತಾವ್ರೆ. ಇದೊಂದ್ಸಲ ಸುಮ್ನಿರು.”

ದ್ರಾಕ್ಷಾಯಣಿ ಅಣ್ಣನ ಕೈಯಿಂದ ಫೋಟೊ ಕಸಿದು ಮತ್ತೆ ಮೊಳೆಗೆ ಸಿಕ್ಕಿಸಿದಳು. ಅಡಿಗೆಮನೆಯಿಂದ ಸ್ಕ್ರೂಡ್ರೈವರ್ ತಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೊದಲ ಸ್ಕ್ರೂ ಜಾರಿ ಹೆಬ್ಬೆರಳು ತರಚಿತು. ರಕ್ತವನ್ನು ಸೀರೆಗೆ ಒರೆಸಿಕೊಂಡು ಮತ್ತೆ ತಿರುಗಿಸಿದಳು.

“ಹುಚ್ ಹಿಡೀತಾ ನಿಂಗೆ? ಬಾಗ್ಲು ಹಾಳಾಗುತ್ತೆ!”

“ನನ್ ಬಾಗ್ಲು.”

ಅವನು ಅವಳ ಭುಜ ಹಿಡಿದ. ಅವಳು ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಬಿಗಿಮಾಡಿ ತಲೆಯೆತ್ತಿ ನೋಡಿದಳು. ಶಾಂತಮಲ್ಲಪ್ಪ ಕೈ ತೆಗೆದ. ಹುಟ್ಟಿದಾಗಿನಿಂದ ನೋಡಿದ ತಂಗಿಯ ಮುಖ ಅದಾಗಿರಲಿಲ್ಲ. ಕೀಗೊಂಚಲು ಎತ್ತಿಕೊಂಡು ಗೊಣಗುತ್ತ ಮೆಟ್ಟಿಲಿಳಿದು ಹೋದ.

ಬೀಗ ಈಚೆ ಬಂತು. ತೋಟದ ಕೂಲಿಯವರ ಲೈನ್ ಮನೆಯ ಚೆಲುವಮ್ಮನನ್ನು ಕೂಗಿ, “ನಾನ್ ಬರೋಗಂಟ ಈ ಜಗಲಿ ಬಿಟ್ಟು ಏಳ್ಬೇಡ. ನಮ್ಮಣ್ಣ ಬಂದ್ರೂ ಒಳಕ್ ಬಿಡ್ಬೇಡ,” ಎಂದಳು. ಹೆರಿಗೆಯಲ್ಲಿ ತನ್ನ ಮಗಳನ್ನು ಉಳಿಸಿಕೊಟ್ಟವಳ ಮಾತು. ಚೆಲುವಮ್ಮ ಕಾಫಿ ಗಿಡದ ರೆಂಬೆ ಕತ್ತರಿಸುವ ಕಸಿ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಿಗೆ ಅಡ್ಡ ಕೂತಳು. ದ್ರಾಕ್ಷಾಯಣಿ ಬೀಗವನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸು ಹತ್ತಿದಳು.

ಜವರಪ್ಪ ಅಂಗಡಿಯಲ್ಲಿ ಬೋಂಡ ತಿನ್ನುತ್ತಿದ್ದ. ಅವಳು ಬೀಗವನ್ನು ಅವನ ಮುಂದೆ ಕುಕ್ಕಿದಳು.

“ನಮ್ಮಣ್ಣಂಗೆ ಕೀ ಕೊಡು ಅಂತ ನಿಂಗ್ ಹೇಳ್ದೋರ್ ಯಾರೋ?”

“ಅಯ್ಯೋ, ಒಡಹುಟ್ಟಿದೋರಲ್ವಾ ಕಣಮ್ಮ...”

“ನಿನ್ ಮನೆ ಕೀ ಊರೋರಿಗೆಲ್ಲ ಹಂಚ್ತೀಯಾ? ನಾನ್ ಮಲ್ಗೋ ಮನೆ ಕಣೋ ಅದು! ಬಟ್ಟೆ ಬದ್ಲಾಯ್ಸೋ ಮನೆ! ಹೆಂಗ್ಸು ಹಾಕ್ಸಿದ್ ಬೀಗ ಅಂದ್ರೆ ಬೀಗ ಅಲ್ವಾ ನಿಂಗೆ?”

ಅಕ್ಕಪಕ್ಕದ ಅಂಗಡಿಯವರು ಈಚೆ ಬಂದು ನಿಂತರು. ಜವರಪ್ಪ, “ಕೊಡಿ, ಈಗ್ಲೇ ಸರಿ ಮಾಡ್ಕೊಡ್ತೀನಿ,” ಎಂದು ಕೈ ಚಾಚಿದ. ಅವಳು ಬೀಗವನ್ನು ಎತ್ತಿಕೊಂಡು, ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದಳು. ಅಲ್ಲಿಯವನು ಪಟ್ಟಿಗಳನ್ನು ಬದಲಾಯಿಸಿ ಹೊಸ ಕೀ ಉಜ್ಜಿ ಮುಗಿಸುವವರೆಗೂ ಕಣ್ಣು ಕೀಳದೆ ನಿಂತಿದ್ದಳು. ಮಾಡಿದ ಕೀಗಳನ್ನೆಲ್ಲ ರವಿಕೆಯೊಳಗೆ ಹಾಕಿಕೊಂಡಳು. ಊರಿಗೆ ಬಂದು, ಕತ್ತಲಾಗುವ ಮೊದಲೇ ಬೀಗವನ್ನು ತಾನೇ ಕೂರಿಸಿದಳು.

ಇದನ್ನು ಅಣ್ಣನಿಗೆ ಹೇಳಲಿಲ್ಲ. ಬಾಗಿಲಲ್ಲಿ ಮತ್ತೆ ಅದೇ ಬೀಗ ಕಂಡು, ತಂಗಿ ಸಿಟ್ಟಿಳಿದು ಅದನ್ನು ಹಾಗೇ ಕೂರಿಸಿದ್ದಾಳೆ ಎಂದುಕೊಂಡ ಅವನು. ಶುಕ್ರವಾರ ರಜೆ ಹಾಕಿ ಮನೆಯಲ್ಲೇ ಉಳಿದಳು.

ಜೀಪು ಬಂದು ನಿಂತಿತು. ಕೀ ತೂತಿನೊಳಗೆ ಹೋದ ಸದ್ದು ಕೇಳಿತು. ತಿರುಗಲಿಲ್ಲ. ಮತ್ತೊಮ್ಮೆ. “ಹೊಸ ಬೀಗ, ಸ್ವಲ್ಪ ಬಿಗಿ,” ಎಂದು ಶಾಂತಮಲ್ಲಪ್ಪ ನಗುತ್ತ ಹೇಳಿದ್ದು ಕೇಳಿತು. ಬಾಗಿಲನ್ನು ಭುಜದಿಂದ ಗುದ್ದಿದ. ಆಗ ದ್ರಾಕ್ಷಾಯಣಿ ಒಳಗಿನಿಂದ ತೆಗೆದಳು.

“ಬನ್ನಿ ರಾಮಯ್ಯೋರೆ, ಕೂತ್ಕಳಿ. ಇದು ನನ್ ಮನೆ. ನಾನ್ ಕಟ್ಸಿದ್ದು. ಗೋಡೆ ಮೇಲಿರೋರು ನನ್ ಯಜಮಾನ್ರು. ಹೋದ್ಸಲ ನೀವ್ ಬಂದಾಗ ಅವ್ರನ್ನ ಮಂಚದ್ ಕೆಳಗೆ ತಳ್ಳಿದ್ರು. ಅಣ್ಣನ್ ಮನೆ ಇಳಿಜಾರಲ್ಲೈತೆ. ಹಂಚಿನ್ದು, ಗಟ್ಟಿಯಾಗೈತೆ. ಹುಡ್ಗಿ ಬಂಗಾರದಂಥೋಳು. ಅಲ್ಲೋಗಿ ಮಾತಾಡಿ. ಕಾಫಿ ಮಾತ್ರ ಇಲ್ಲೇ ಕುಡ್ಕೊಂಡ್ ಹೋಗಿ.”

ರಾಮಯ್ಯ ಕಾಫಿ ಕುಡಿಯಲಿಲ್ಲ. ಶಾಂತಮಲ್ಲಪ್ಪನನ್ನು ಒಮ್ಮೆ ನೋಡಿ, “ಮನೆ ವಿಷ್ಯದಲ್ಲೇ ಹಿಂಗಾದ್ರೆ ಹೆಂಗೆ ಸ್ವಾಮಿ?” ಎಂದು ಜೀಪು ಹತ್ತಿದರು. ಇಳಿಜಾರಿನ ಕಡೆ ತಿರುಗಲೇ ಇಲ್ಲ. ಸಂಬಂಧ ಮುರಿಯಿತು.

ಆವತ್ತು ಸಂಜೆ ಚೈತ್ರಶ್ರೀ ಬಂದು ಅಂಗಳದಲ್ಲೇ ನಿಂತಳು. ಅತ್ತು ಅತ್ತು ಕಣ್ಣು ಊದಿದ್ದವು.

“ನಂಗೆ ಹುಡ್ಗ ಇಷ್ಟ ಆಗಿದ್ದ, ಅತ್ತೆ. ನೀವು ಒಂದ್ ತಿಂಗ್ಳು ಸುಮ್ನಿದ್ದಿದ್ರೆ ಏನಾಗೋದು?”

ಕ್ಷಮಿಸು ಅನ್ನಬೇಕೆಂದುಕೊಂಡಳು ದ್ರಾಕ್ಷಾಯಣಿ. ಬಾಯಿಂದ ಬಂದದ್ದು ಬೇರೆ. “ಸುಳ್ಳು ಹೇಳಿದ್ ನಿಮ್ಮಪ್ಪ ಕಣೇ! ಎಲ್ರೂ ನನ್ ಹತ್ರ ಬಂದೇ ಸುಮ್ನಿರು ಸುಮ್ನಿರು ಅಂತೀರಲ್ಲ, ಅವ್ನ ಹತ್ರ ಒಬ್ರಾದ್ರೂ ಕೇಳಿದ್ರಾ?”

ಹುಡುಗಿ ತಿರುಗಿ ಹೋದಳು. ಅವಳ ಬೆನ್ನು ಮರೆಯಾದ ಮೇಲೆ ದ್ರಾಕ್ಷಾಯಣಿ ಬಾಗಿಲು ಹಾಕಿಕೊಂಡು, ಸಿಟ್ಟೋ ಸಂಕಟವೋ ತಿಳಿಯದೆ, ಬಿಕ್ಕಿ ಬಿಕ್ಕಿ ಅತ್ತಳು.

ಮಾರನೆಯ ವರ್ಷ ಆಲೂರಿನ ಕಡೆಯವರು ಹಂಚಿನ ಮನೆಗೇ ಬಂದು, ನೋಡಿ, ಒಪ್ಪಿಕೊಂಡು ಹೋದರು. ಮದುವೆಗೆ ಅಣ್ಣ ಕರೆಯಲಿಲ್ಲ. ಚೈತ್ರಶ್ರೀ ಫೋನ್ ಮಾಡಿ, “ಬನ್ನಿ ಅತ್ತೆ,” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ದ್ರಾಕ್ಷಾಯಣಿ ಹಣೆ ತುಂಬ ವಿಭೂತಿ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಹೋಗಿ ಎದುರಿನ ಸಾಲಿನಲ್ಲೇ ಕೂತಳು. ಆಶಾ ಹತ್ತಿರ ಬಂದು, “ಹಿಂದಿನ ಸಾಲಲ್ಲಿ ಜಾಗ ಐತೆ,” ಎಂದಳು. “ಇಲ್ಲಿಂದ ಚೆನ್ನಾಗ್ ಕಾಣುತ್ತೆ,” ಎಂದಳು ದ್ರಾಕ್ಷಾಯಣಿ. ಏಳಲಿಲ್ಲ.

ಮಾಂಗಲ್ಯಧಾರಣೆಯಾದ ಮೇಲೆ ಶಾಂತಮಲ್ಲಪ್ಪ ಬಂದು ಪಕ್ಕದಲ್ಲಿ ನಿಂತ. ಅವಳ ಮುಖ ನೋಡಲಿಲ್ಲ. “ಉಂಡ್ಕೊಂಡ್ ಹೋಗು,” ಎಂದ.

“ಉಣ್ತೀನಿ.”

ಅವಳ ಸಿಟ್ಟು ಇಳಿದಿರಲಿಲ್ಲ. ಮೊದಲ ಪಂಕ್ತಿಯಲ್ಲೇ ಕೂತು, ಹೋಳಿಗೆಗೆ ತುಪ್ಪವನ್ನು ಎರಡು ಸಲ ಕೇಳಿ ಹಾಕಿಸಿಕೊಂಡಳು.