ಕೆರ್ಯೆ

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕೊಲ್ಲಿ ನಾಡಿನ ಆ ರೂವಿ ಪೇಟೆ ಇಡೀ ಬಾಗಿಲು ಹಾಕಿ ಮಲಗುತ್ತಿತ್ತು. ಪೂವಪ್ಪನಿಗೆ ಮಾತ್ರ ಆ ಭಾಗ್ಯವಿಲ್ಲ. ಬೆಳಗ್ಗೆಯಿಂದ ಕಂಪನಿಯ ಕಾಗದ ಹೊಡೆದು ಬಾತ ಬೆರಳಲ್ಲೇ ಕಂಪನಿಯ ಕಾನೂನು ಸಲಹೆಗಾರ, ಎಂಬತ್ತು ದಾಟಿದ ಬಿಳಿ ದೊರೆಯ ಆತ್ಮಕಥೆಯನ್ನು ಬಿಟ್ಟಿಯಾಗಿ ಟೈಪು ಮಾಡಬೇಕು. ಆಗುವುದಿಲ್ಲ ಎನ್ನೋಣವೆಂದರೆ ಪಾಸ್‌ಪೋರ್ಟು ವೀಸಾ ಕೊಟ್ಟ ಅರಬ ಕಫೀಲನ ಕಪಾಟಿನಲ್ಲಿ. ಅದು ೧೯೮೬.

ದೊರೆ ಬ್ರಿಟಿಷರ ಕಾಲದಲ್ಲಿ ಮದರಾಸಿಗೆ ಕಲೆಕ್ಟರಿಕೆಗೆ ಬಂದು, ಕಡೆಗೆ ಮಂಗಳೂರಿನಲ್ಲಿ ಸೆಷನ್ಸ್ ಜಡ್ಜಾಗಿ ಕೂತವರು. ಹುಲಿ ಹೊಡೆದದ್ದು, ಮುನ್ಷಿಯಿಂದ ತುಳು ಕಲಿತು ಸರಕಾರದ ಇನಾಮು ಪಡೆದದ್ದು, ಎಲ್ಲವನ್ನೂ ಪೂವಪ್ಪ ತಲೆ ಎತ್ತದೆ ಹೊಡೆದ. ಏಳನೇ ಅಧ್ಯಾಯದಲ್ಲಿ ಅವನ ಕೈ ನಿಂತಿತು.

೧೯೪೧ರಲ್ಲಿ ಕೊಗ್ಗ ಎಂಬ ಒಕ್ಕಲು ಇನ್ನೊಬ್ಬ ಒಕ್ಕಲು ದೇಜಪ್ಪನನ್ನು ಕೊಂದು, ಮ್ಯಾಜಿಸ್ಟ್ರೇಟರ ಮುಂದೆ ಒಂದೇ ಮಾತಿನಲ್ಲಿ ತಪ್ಪೊಪ್ಪಿಕೊಂಡನಂತೆ. ದೊರೆಯ ಕೋರ್ಟಿನಲ್ಲಿ ಇಲ್ಲ ಎಂದನಂತೆ. ಎಲ್ಲರೂ ಹಾಗೆಯೇ ಎನ್ನುವುದು, ಗಲ್ಲು ಬರೆದೆ ಎಂದರು ದೊರೆ.

ಕೊಗ್ಗ ಪೂವಪ್ಪನ ಅಪ್ಪ. ಶಾಲೆಯಲ್ಲಿ ಇವನ ಹೆಸರೇ ಗಲ್ಲಿನವನ ಮಗ. ಆ ಹೆಸರಿನ ದೆಸೆಯಿಂದ ಅಕ್ಕ ಕುಸುಮಳಿಗೆ ಗಂಡೇ ಬರಲಿಲ್ಲ.

"ಆ ಒಂದು ಮಾತು ಯಾವುದು ಸರ್?"

"ಕೆರ್ಯೆ. ಕೊಂದೆ ಅಂತ."

ಪೂವಪ್ಪ ದೊರೆಯತ್ತ ತಿರುಗಿ ಕೂತ. ಅವನ ಅವ್ವ ಸಾಯುವವರೆಗೂ ಮುಸ್ಸಂಜೆಗೆ ಗೋಡೆ ನೋಡುತ್ತಾ ಅದೇ ಮಾತು ಹೇಳುತ್ತಿದ್ದಳು. ಯಾರು ಕೊಂದದ್ದು ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಅಪ್ಪ ಅಲ್ಲೇ ಇದ್ದ ತಮ್ಮ ಧಣಿಯ ಮಗನತ್ತ ಬೆರಳು ಮಾಡಿ ಅಂದದ್ದನ್ನು ಕೋರ್ಟಿನ ಜಗಲಿಯಲ್ಲಿ ನಿಂತು ಕೇಳಿದವಳು ಅವಳು. ತುಳುವಿನಲ್ಲಿ ಕೊನೆಯ ಸ್ವರವನ್ನು ಬಾಯಗಲಿಸಿ ಅಂದರೆ ನಾನು ಕೊಂದೆ. ಬಿಗಿ ಹಿಡಿದು ಅಂದರೆ ಅವನು ಕೊಂದ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಗುಮಾಸ್ತ ಅಕ್ಷರ ಬರೆದ, ಬೆರಳನ್ನು ಬರೆಯಲಿಲ್ಲ. ಇಂಗ್ಲಿಷಿಗೆ ತಿರುಗಿಸಿದವನು 'ನಾನು' ಎಂದು ಹಾಕಿದ.

ಪೂವಪ್ಪ ಎರಡನ್ನೂ ಅಂದು ತೋರಿಸಿದ. "ನಿಮಗೆ ತುಳು ಬರ್ತದಲ್ಲ ಸರ್. ಇವೆರಡೂ ಒಂದೇನಾ?"

ದೊರೆ ಕಣ್ಣು ಮುಚ್ಚಿಕೊಂಡರು. ಆ ಸ್ವರದ ತೊಡಕು ಆಗಲೇ ಗೊತ್ತಿತ್ತು ಎಂದರು. ಯುದ್ಧದ ಕಾಲ, ಧಣಿಗಳು ಸರಕಾರಕ್ಕೆ ಬೇಕಾಗಿದ್ದರು ಎಂದರು. ನನ್ನ ಕೋರ್ಟಿನಲ್ಲಿ ಇಲ್ಲ ಎಂದವನ ದನಿ ಈಗಲೂ ಕಿವಿಯಲ್ಲಿ ಕೂತಿದೆ, ನಿದ್ದೆ ಕೊಡುವುದಿಲ್ಲ ಎಂದರು. ಇಷ್ಟು ಹೇಳಿದ ಮೇಲೂ, ನೋಡಿ ಈ ಮನುಷ್ಯನನ್ನು, "ಮುಂದಕ್ಕೆ ಹೊಡಿ" ಎಂದರು.

ಪೂವಪ್ಪ ಹೊಸ ಹಾಳೆ ಏರಿಸಿದ. ಕೊಗ್ಗ ಕೊಲ್ಲಲಿಲ್ಲ, ಕೊಂದವನನ್ನು ತೋರಿಸಿದ, ಗೊತ್ತಿದ್ದೂ ಗಲ್ಲು ಬರೆದೆ ಎಂದು ಇಂಗ್ಲಿಷಿನಲ್ಲಿ ಹೊಡೆದು ಮುಂದಿಟ್ಟ.

"ರುಜು ಹಾಕಿ. ಅಲ್ಲಿವರೆಗೆ ನಾನು ಏಳುದಿಲ್ಲ."

ನಾಲ್ಕಕ್ಕೆ ಆಫೀಸು ತೆರೆಯಿತು. ದೊರೆ ರುಜು ಹಾಕಿರಲಿಲ್ಲ. ಮ್ಯಾನೇಜರ್ ಬಂದು ದೊರೆಯಿಂದ ಸಂಗತಿ ತಿಳಿದವನೇ ಪೂವಪ್ಪನ ವೀಸಾ ಖಲಾಸ್ ಎಂದ. ಪಕ್ಕದ ಮೇಜಿನ ಉಡುಪಿಯ ಭೋಜರಾಜನನ್ನು ಕರೆದು, ಹಳೆಯ ಪುಟವನ್ನೇ ಹೊಡಿ, ಯಲ್ಲಾ, ಬೇಗ ಎಂದ. ಊರಲ್ಲಿ ಭೋಜರಾಜನ ಮನೆ ಇನ್ನೂ ಅರ್ಧ ಕಟ್ಟಿ ನಿಂತಿತ್ತು. ಅವನು ಎರಡೂ ಹಾಳೆ ಓದಿದ. ಪೂವಪ್ಪನ ಮುಖ ನೋಡಿದ. ಕುರ್ಚಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ ಪೂವಪ್ಪನ ಪಕ್ಕ ನಿಂತ.

"ನಂಗೂ ತುಳು ಬರ್ತದೆ ಸರ್," ಎಂದ.