ಪೆದ್ರೇಶ್ ಗರಿ

"ಮುಟ್ಟಿ ಸ್ವಾಮಿ, ಏನೂ ಮಾಡಲ್ಲ ಅದು," ಎಂದಳು ಕೋಳಿ ಸಾಕಿದ ದುರ್ಗಮ್ಮ.

ರುದ್ರಮೂರ್ತಿಯ ಕೈ ಜೇಬಿನಲ್ಲೇ ಉಳಿಯಿತು. ಮಠದ ಪಕ್ಕದ ಮನೆಯಲ್ಲಿ ಬೆಳೆದವನು. ಕೋಳಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಅಂಥದೇ ಮನೆಯಲ್ಲಿ ಹುಟ್ಟಿದ ಹೆಂಡತಿ ನಯನ ಮಾತ್ರ ಆಗಲೇ ಕುಕ್ಕರುಗಾಲಲ್ಲಿ ಕೂತು ಅದರ ಕುತ್ತಿಗೆಯ ಗರಿಯೊಳಗೆ ಬೆರಳು ತೂರಿಸಿದ್ದಳು. ಕೋಳಿ ಕಣ್ಣು ಮುಚ್ಚಿತು. ಅವನಿಗೆ ಹೊಟ್ಟೆಕಿಚ್ಚಾಯಿತು. ಯಾರ ಮೇಲೆ ಎಂದು ಕೇಳಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಇಬ್ಬರೂ ಗೋವಾದಲ್ಲಿದ್ದಾಗ ಪೋರ್ಚುಗೀಸ್ ಕಲಿತವರು. ಅವಳನ್ನು ತರಗತಿಗೆ ಸೇರಿಸಿದ್ದೇ ಅವನು. ಈಗ ಅಜ್ಜಂಪುರದಲ್ಲಿ ಕೂತು ಲಿಸ್ಬನ್ನಿನ ಕಂಪನಿಯೊಂದಕ್ಕೆ ಅನುವಾದ ಮಾಡುತ್ತಾರೆ. ಈ ಸಲ ಬಂದದ್ದು ಕೋಳಿತಳಿಗಳ ದೊಡ್ಡ ಪುಸ್ತಕ, ಇಂಗ್ಲಿಷಿಗೆ. ಮಾದರಿಯ ಅಧ್ಯಾಯ ನಯನಳಿಗೆ, ಅದನ್ನು ತಿದ್ದಿ ವರದಿ ಕಳಿಸುವ ಕೆಲಸ ಇವನಿಗೆ. ವರದಿ ಚೆನ್ನಾಗಿದ್ದರೆ ಇಡೀ ಪುಸ್ತಕ ಅವಳದು, ಇಲ್ಲದಿದ್ದರೆ ಇವನದು. ಸಂಜೆಯೊಳಗೆ ಕಳಿಸಬೇಕಿತ್ತು. ಅವನ ಅಮ್ಮ ತೀರ್ಥಮ್ಮನಿಗೆ ಮಾತ್ರ ಇಬ್ಬರೂ 'ಹಕ್ಕಿ ಪುಸ್ತಕ' ಎಂದಿದ್ದರು.

ತಕರಾರು ಒಂದು ಬಣ್ಣದ್ದು. ಮೂಲದ 'ಪೆದ್ರೇಶ್' ಗರಿಯನ್ನು ಅವಳು 'ಕುಕ್ಕೂ' ಎಂದಿದ್ದಳು. ಇವನು ಹೊಡೆದುಹಾಕಿ 'ಸ್ಪಾಟೆಡ್' ಎಂದು ಬರೆದಿದ್ದ.

"ಚುಕ್ಕೆ ಅಲ್ಲ ರೀ, ಅಡ್ಡಪಟ್ಟೆ, ಕುಕ್ಕೂ ಹಕ್ಕಿ ಎದೆ ಮೇಲಿರೋ ಥರ. ಅದಕ್ಕೇ ಇಂಗ್ಲಿಷ್‌ನೋರು ಕುಕ್ಕೂ ಅನ್ನೋದು. ಅಂಥ ಕೋಳಿ ಪಕ್ಕದ ಶಿವನಿ ಊರಲ್ಲಿದೆಯಂತೆ, ನೋಡ್ಕಂಡೇ ಬರಣ," ಎಂದು ಅವಳೇ ಸ್ಕೂಟರ್ ಹೊರಡಿಸಿದ್ದಳು.

ಈಗ ಒಂದು ಗರಿಯನ್ನು ಬಿಡಿಸಿ ತೋರಿಸಿದಳು. ಬಿಳಿ, ಕಪ್ಪು, ಮತ್ತೆ ಬಿಳಿ. ಪಟ್ಟೆಯೇ.

"ಕಂಡ್ತಾ?"

"ಹ್ಞೂಂ."

"ಪುಸ್ತಕ ಬರೆಯೋರು ಯಾರವ್ವಾ?" ದುರ್ಗಮ್ಮ ಕೇಳಿದಳು.

"ಇವ್ರೇ ಕಣಮ್ಮ. ನಾನು ಸುಮ್ನೆ ಜೊತೆಗೆ ಬಂದೆ."

ನಯನ ಪ್ರೀತಿಯಿಂದಲೇ ಹೇಳಿದಳು. ಅವನಿಗೆ ಮೈಯೆಲ್ಲ ಉರಿಯಿತು. ಹೆಸರನ್ನೂ ದಾನ ಕೊಡುವಷ್ಟು ಇದೆಯಲ್ಲ ಇವಳ ಹತ್ತಿರ!

ಮನೆಗೆ ಬಂದವಳೇ ಅತ್ತೆಯ ಕಣ್ಣಿಗೆ ಬೀಳುವ ಮೊದಲು ಸ್ನಾನಕ್ಕೆ ಹೋದಳು. ಬಚ್ಚಲಲ್ಲಿ ನೀರು ಸುರಿಯುತ್ತಿದ್ದಾಗಲೇ ಅವನು ವರದಿ ಬರೆದು ಮುಗಿಸಿದ. 'ಸ್ಪಾಟೆಡ್' ಹಾಗೇ ಉಳಿಯಿತು. ಕೊನೆಯ ಸಾಲು: ಭಾಷೆ ಬರುತ್ತದೆ, ಕೋಳಿಯ ಪರಿಚಯವಿಲ್ಲ. ಕಳಿಸಿಬಿಟ್ಟ. ವರದಿಯ ಒಂದು ಪ್ರತಿ ಅನುವಾದ ಮಾಡಿದವರಿಗೂ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಕಾಫಿಯ ಹೊತ್ತಿಗೆ ಉತ್ತರ ಬಂತು.

"ನಿಮ್ಗೇ ಬಂತಾ ಪುಸ್ತಕ?"

"ಹ್ಞೂಂ. ಅವ್ರು ಯಾಕೋ..."

"ಒಳ್ಳೇದಾಯ್ತು ಬಿಡಿ." ಲೋಟ ಇಟ್ಟು ಒಳಗೆ ಹೋದಳು.

ಮೊಬೈಲಿನಲ್ಲಿ ಪುಸ್ತಕ ತೆರೆದ. ಎರಡನೆಯ ಪುಟದಲ್ಲೇ ಒಂದು ಕೋಳಿ, ಹೆಸರೇ ಕೇಳಿರದ ಬಣ್ಣ.

"ನಯನಾ, ಸ್ವಲ್ಪ ಬಾ ಇಲ್ಲಿ. ಇದು ಪಟ್ಟೆನೋ ಚುಕ್ಕೆನೋ?"

"ನಂಗೆ ಕೋಳಿ ಪರಿಚಯ ಇಲ್ಲ ಕಣ್ರೀ," ಎಂದಳು ಅಡುಗೆಮನೆಯಿಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಎದ್ದು ಒಳಗೆ ಹೋಗಬಹುದಿತ್ತು.

ಚಿತ್ರದ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದ. ಕಣ್ಣು ಆಚೆ ಸರಿಯಿತು, ಕೊಕ್ಕು ಹೋಯಿತು. ಇನ್ನಷ್ಟು ಹಿಗ್ಗಿಸಿದ. ಗರಿಗಳು ಒಡೆದು ಬೂದು ಚೌಕಗಳಾದವು. ಕೋಳಿ ಎಲ್ಲೂ ಇರಲಿಲ್ಲ. ಅವನ ಬೆರಳು ತಣ್ಣನೆಯ ಗಾಜನ್ನು ಸವರುತ್ತಲೇ ಇತ್ತು.